ಔಷಧಿ ಉಚಿತ, ಕೂಲಿ ಖೋತಾ

ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯಲ್ಲಿ ಸಭೆ ಮುಗಿಸಿ ಹೊರಟಿದ್ದಾಗ ಒಬ್ಬ ಗಿರಣಿ ಹಮಾಲಿ ನಮ್ಮನ್ನು ತಮ್ಮ ಮನೆಗೆ ಕರೆದೊಯ್ದರು. ಅವರ ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ಚಿಕಿತ್ಸೆ ಆರಂಭವಾಗಿ ಏಳು ತಿಂಗಳು. ಉದುರಿದ ಕೂದಲು ಮತ್ತೆ ಚಿಗುರುತ್ತಿರುವ ಆ ಹುಡುಗಿ ಜಗಲಿಯಲ್ಲಿ ಕುಳಿತು ಸ್ಲೇಟಿನ ಮೇಲೆ ಮಗ್ಗಿ ಬರೆಯುತ್ತಿದ್ದಳು. ಆದರೆ ಅವರು ನಮಗೆ ತೋರಿಸಬೇಕೆಂದಿದ್ದುದು ಒಂದು ನೋಟ್ ಪುಸ್ತಕವನ್ನು. ಬಲಗಡೆಯ ಪುಟದಲ್ಲಿ ಆಸ್ಪತ್ರೆಯ ದಿನಗಳು, ಎಡಗಡೆಯ ಪುಟದಲ್ಲಿ ಕೂಲಿ ತಪ್ಪಿದ ದಿನಗಳು, ಎರಡನೆಯದು ಎಪ್ಪತ್ತೊಂದು. "ಔಸ್ತಿಗೆ ಒಂದು ರೂಪಾಯೂ ಕೇಳ್ನಿಲ್ಲ ಮೇಷ್ಟ್ರೆ. ಈ ಎಡಗಡೆ ಪುಟವೆ ನಮ್ಮನ್ನ ತಿಂತಾ ಇರೋದು" ಎಂದರು. ತಾಯಿ ಕಳೆದುಕೊಂಡ ಕೂಲಿ ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅದನ್ನು ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ.

ಒಪ್ಪಬೇಕಾದುದನ್ನು ಮೊದಲು ಒಪ್ಪೋಣ. 1973ರಲ್ಲಿ ರಫಿ ಅಹಮದ್ ಕಿದ್ವಾಯಿಯವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕ್ಯಾನ್ಸರ್ ಸಂಸ್ಥೆ ಬಡವರ ಆಸ್ಪತ್ರೆಯೆಂದೇ ನಾಡಿಗೆ ಪರಿಚಿತ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಮೇರೆಗೆ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. "ಈ ಕಾಯಿಲೆ ಬಂದರೆ ಮಗು ಹೋದ ಹಾಗೆಯೇ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ, ಅದು ಸುಳ್ಳು. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರ ತಂಡ ಅಮೆರಿಕದಲ್ಲಿ ಸಿದ್ಧಪಡಿಸಿದ ಮೆಥೊಟ್ರೆಕ್ಸೇಟ್, ನಮ್ಮ ಹಿತ್ತಿಲಲ್ಲೇ ಅರಳುವ ನಿತ್ಯಪುಷ್ಪದಿಂದ ತೆಗೆದ ವಿನ್‌ಕ್ರಿಸ್ಟಿನ್, ಇವು ಇಂದಿಗೂ ಈ ಮಕ್ಕಳನ್ನು ಉಳಿಸುತ್ತಿವೆ. (ಹಾಗೆಂದು ಯಾರೂ ಆ ಗಿಡದ ಕಷಾಯ ಕುಡಿಸಬಾರದು, ಅದು ವಿಷ.) ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ತಗುಲಿದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಅನೇಕ ಬಡ ದೇಶಗಳಲ್ಲಿ 30ಕ್ಕಿಂತ ಕಡಿಮೆ. ಕಾಯಿಲೆ ತಡವಾಗಿ ಗೊತ್ತಾಗುವುದು ಇದಕ್ಕೆ ಒಂದು ಕಾರಣ. ಹಿಡಿದ ಚಿಕಿತ್ಸೆಯನ್ನು ನಡುವೆ ಬಿಟ್ಟುಬಿಡುವುದು ಮತ್ತೊಂದು.

ತಂದೆತಾಯಿ ಏಕೆ ಬಿಡುತ್ತಾರೆ? ಪ್ರೀತಿ ಸಾಲದೆ ಅಲ್ಲ. ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷ ನಡೆಯುತ್ತದೆ. ಮೊದಲ ಐದು ವಾರ ಈ ಕುಟುಂಬ ಬೆಂಗಳೂರಿನಲ್ಲಿತ್ತು: ತಾಯಿ ಮಗುವಿನ ಹಾಸಿಗೆಯ ಬಳಿ, ತಂದೆ ರಾತ್ರಿ ಜಗಲಿಯಲ್ಲಿ, ನಾಲ್ಕು ವರ್ಷದ ಮಗ ಊರಿನಲ್ಲಿ ಅಜ್ಜಿಯೊಡನೆ. ಔಷಧಿಯ ಪ್ರಭಾವದಿಂದ ಮಗುವಿಗೆ ತಡೆಯಲಾರದ ಹಸಿವು. ನಡುರಾತ್ರಿ ಎದ್ದು ಮುದ್ದೆ ಕೇಳುತ್ತಿದ್ದಳಂತೆ. ಬೆನ್ನುಮೂಳೆಯ ಸಂದಿಗೆ ಸೂಜಿ ಹಾಕುವ ದಿನ ಮಾತ್ರ ಏನೂ ಕೇಳುತ್ತಿರಲಿಲ್ಲ. ಊರಿಗೆ ಬಂದ ಮೇಲೂ ನೂರು ಕಿಲೋಮೀಟರಿಗೂ ಮಿಗಿಲಾದ ಪ್ರಯಾಣ ತಪ್ಪಲಿಲ್ಲ. ಹೊತ್ತು ಮೂಡುವ ಮುನ್ನ ಎದ್ದು, ಕುದಿಸಿ ಆರಿಸಿದ ನೀರು ತುಂಬಿಕೊಂಡು, ಎರಡು ಬಸ್ಸು ಬದಲಿಸಿ, ಸಾಲಿನಲ್ಲಿ ನಿಂತು ರಕ್ತ ಕೊಡಬೇಕು. ಬಿಳಿ ರಕ್ತಕಣ ಕಡಿಮೆಯಿದ್ದರೆ ಅಂದು ಔಷಧಿ ಹಾಕುವಂತಿಲ್ಲ. ಮುಂದಿನ ವಾರ ಬನ್ನಿ ಎನ್ನುತ್ತಾರೆ. ವೈದ್ಯರು ಮಾಡುವುದು ಸರಿಯೇ. ಆದರೆ ಆ ದಿನದ ಕೂಲಿ ಹೋಯಿತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ತಾಯಿಗೂ ಮಗಳಿಗೂ ಬಸ್ಸಿನ ಖರ್ಚಿಲ್ಲ. ಅದಕ್ಕಾಗಿಯೇ ಈಗ ತಾಯಿಯೊಬ್ಬರೇ ಮಗುವನ್ನು ಕರೆದೊಯ್ಯುತ್ತಾರೆ. ನಡುರಾತ್ರಿ ಜ್ವರ ಬಂದರೆ ಮಾತ್ರ ಬಸ್ಸಿಗೆ ಕಾಯುವಂತಿಲ್ಲ. ಬಿಳಿ ಕಣ ಕುಂದಿದ ಮಗುವಿಗೆ ಜ್ವರವೆಂದರೆ ಗಂಟೆಗಳ ಲೆಕ್ಕ. ಅಂಥ ಎರಡು ರಾತ್ರಿಯ ಬಾಡಿಗೆ ಕಾರಿಗೆ ಮನೆಯ ಹಸು ಹೋಯಿತು.

ಆ ಊರಿನ ದಿನಸಿ ಅಂಗಡಿಯವರು ಏಳು ತಿಂಗಳಿಂದ ಉದ್ರಿ ಬರೆದುಕೊಂಡು ಸುಮ್ಮನಿದ್ದಾರೆ. ಅವರು ಸಾಹುಕಾರರಲ್ಲ, ತಾವೇ ಸಗಟು ವ್ಯಾಪಾರಿಗೆ ಸಾಲಗಾರರು. ಸರ್ಕಾರ ಹೊರಬೇಕಾದ ಭಾರ ಹೀಗೆ ಚಿಲ್ಲರೆ ವ್ಯಾಪಾರಿಯ ಗಲ್ಲಾಪೆಟ್ಟಿಗೆಯ ಮೇಲೆ ಕುಳಿತಿದೆ. ಅಂಟೀತೆಂದು ಹೆದರಿ ಆ ಮನೆಯತ್ತ ಸುಳಿಯದ ನೆರೆಯವರೂ ಇದ್ದಾರೆಂದು ಹೇಳಲು ನಮಗೆ ನಾಚಿಕೆಯಾಗುತ್ತದೆ. ಇದು ಅಂಟುರೋಗವಲ್ಲ. ನಮ್ಮ ನೆಗಡಿಯಿಂದ ಆ ಮಗುವಿಗೆ ಅಪಾಯವೇ ಹೊರತು ಆ ಮಗುವಿನಿಂದ ನಮಗಿಲ್ಲ.

ಈಗ ಗಿರಣಿಯ ಮಾತು. ಈ ಹಮಾಲಿಯವರಿಗೆ ಇ.ಎಸ್.ಐ. ಇಲ್ಲ. ಇರುವವರ ಗತಿಯೇನು ಎಂಬುದನ್ನೂ ನೋಡೋಣ. 1948ರ ಕಾಯಿದೆಯಿಂದ ಬಂದ ಈ ವಿಮೆಗೆ ಕಾರ್ಮಿಕನ ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ ಮುರಿಯುತ್ತಾರೆ. ಅವನಿಗೇ ಕಾಯಿಲೆಯಾದರೆ ವರ್ಷಕ್ಕೆ 91 ದಿನ ಸಂಬಳದ ಶೇಕಡಾ 70 ಸಿಗುತ್ತದೆ. ಕ್ಯಾನ್ಸರಿನಂಥ ದೀರ್ಘ ರೋಗವಾದರೆ ಎರಡು ವರ್ಷದವರೆಗೆ ಶೇಕಡಾ 80. ಮಗುವಿಗೆ ಅದೇ ಕ್ಯಾನ್ಸರ್ ಬಂದರೆ ಔಷಧೋಪಚಾರ ಉಂಟು, ಪಕ್ಕದಲ್ಲಿ ಕುಳಿತ ತಂದೆಗಾಗಲಿ ತಾಯಿಗಾಗಲಿ ಒಂದು ದಿನದ ಭತ್ಯವೂ ಇಲ್ಲ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನ ಶಿಶುಪಾಲನಾ ರಜೆಯಿದೆ. ಅದು ನ್ಯಾಯವೇ. ಆ ನ್ಯಾಯ ಗಿರಣಿಯ ಬಾಗಿಲಲ್ಲಿ ಏಕೆ ನಿಂತುಹೋಯಿತೆಂದು ಕೇಳಬಯಸುತ್ತೇವೆ. ಸ್ವೀಡನ್ನಿನಲ್ಲಿ ಮಗುವಿನ ಕಾಯಿಲೆಗಾಗಿ ಕೆಲಸ ಬಿಟ್ಟ ತಂದೆಗೂ ತಾಯಿಗೂ ವಿಮೆಯಿಂದ ಭತ್ಯ ಸಲ್ಲುತ್ತದೆ. ಕಾಯಿಲೆ ಪ್ರಾಣಾಂತಿಕವಾಗಿದ್ದರೆ ದಿನಗಳ ಮಿತಿಯೂ ಇಲ್ಲ.

ಕಾರ್ಮಿಕನ ಸ್ವಂತ ಕ್ಯಾನ್ಸರಿಗೆ ಇ.ಎಸ್.ಐ. ಕೊಡುವ ಭತ್ಯವನ್ನೇ ಮಗುವಿನ ಕ್ಯಾನ್ಸರಿಗೂ ತಂದೆ ಅಥವಾ ತಾಯಿಗೆ ಕೊಡಬೇಕು. ವಿಮೆಯ ಹೊರಗಿರುವ ಹಮಾಲಿ, ಆಲೆಮನೆ ಕೂಲಿ, ಗಾಡಿ ವ್ಯಾಪಾರಿಗಳಿಗೆ ರಾಜ್ಯ ಸರ್ಕಾರ ಕನಿಷ್ಠ ಕೂಲಿಯ ದರದಲ್ಲಿ ಅದನ್ನು ತುಂಬಿಕೊಡಬೇಕು. 2025ರಲ್ಲಿ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಕೀಮೋಥೆರಪಿ ಕೇಂದ್ರಗಳನ್ನು ತೆರೆದುದನ್ನು ನಾವು ಸ್ವಾಗತಿಸಿದ್ದೇವೆ. ಮಕ್ಕಳ ರಕ್ತಪರೀಕ್ಷೆಗೂ ನಡುರಾತ್ರಿಯ ಜ್ವರಕ್ಕೂ ಬೆಂಗಳೂರಿನ ವೈದ್ಯರ ಸೂಚನೆಯಂತೆ ಪ್ರತಿ ಜಿಲ್ಲೆಯಲ್ಲೂ ಏರ್ಪಾಡು ಆದರೆ ಎಡಗಡೆಯ ಪುಟ ಅರ್ಧಕ್ಕರ್ಧ ಖಾಲಿಯಾದೀತು.

ಈ ಮನವಿಗೆ ಸಹಿ ಪಡೆಯಲು ನಮ್ಮ ಕಾರ್ಯಕರ್ತರು ಬರುವ ಸೋಮವಾರ ಪಾಳಿ ಬಿಡುವ ಹೊತ್ತಿಗೆ ಗಿರಣಿ ಬಾಗಿಲುಗಳಲ್ಲಿ, ಮಂಗಳವಾರ ಪೇಟೆ ಬೀದಿಯಲ್ಲಿ ನಿಲ್ಲುತ್ತಾರೆ. ಮೊದಲ ಸಹಿ ಆ ತಾಯಿಯದು. ಸೋಮವಾರ ಬೆಳಗ್ಗೆಯೇ ಬೆಂಗಳೂರಿನ ಬಸ್ಸು ಹತ್ತಬೇಕಾದ್ದರಿಂದ ಆಕೆ ಮುಂಚೆಯೇ ಹಾಕಿ ಕೊಟ್ಟಿದ್ದಾರೆ.