ಮೈಯಿಲ್ಲದವರ ಗೊಂಬೆ

ಮಾರಿಯೋನ ಮೀಸೆ ಹುಟ್ಟಿದ್ದು ಬಡತನದಲ್ಲಿ. 1981ರಲ್ಲಿ ವಿನ್ಯಾಸಕ ಶಿಗೆರು ಮಿಯಾಮೊಟೊ ‘ಡಾಂಕಿ ಕಾಂಗ್’ ವಿಡಿಯೋ ಗೇಮ್‌ಗೆ ಈ ಆಸಾಮಿಯನ್ನು ರೂಪಿಸುವಾಗ ಅವರ ಪಾಲಿಗೆ ಸಿಕ್ಕಿದ್ದು ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು ಚುಕ್ಕಿಗಳ ಜಾಗ, ಬೆರಳೆಣಿಕೆಯ ಬಣ್ಣ. ಅಷ್ಟರಲ್ಲಿ ಬಾಯಿ ಬಿಡಿಸುವುದು ಕಷ್ಟ. ದಪ್ಪ ಮೂಗಿನ ಕೆಳಗೆ ಮೀಸೆ ಬಂತು. ಕೂದಲು ಹಾರುವುದನ್ನು ತೋರಿಸುವುದು ಇನ್ನೂ ಕಷ್ಟ; ಟೋಪಿ ಬಂತು. ಕೈ ಬೀಸಿದ್ದು ಕಣ್ಣಿಗೆ ಬೀಳಬೇಕಾದರೆ ತೋಳಿನ ಬಣ್ಣವೂ ಮೈಯ ಬಣ್ಣವೂ ಬೇರೆಯಿರಬೇಕು. ಹಾಗಾಗಿ ಕೆಲಸಗಾರರ ಡಂಗರಿ. ಇವತ್ತು ಟೋಕಿಯೋದ ಅಕಿಹಬಾರಾ ಅಂಗಡಿಗಳ ಗಾಜಿನ ಕಪಾಟಿನಲ್ಲಿ ನಿಂತಿರುವ ಮಾರಿಯೋಗೆ ಅಂಥ ಯಾವ ಕೊರತೆಯೂ ಇಲ್ಲ. ಆದರೂ ಮೀಸೆ, ಟೋಪಿ, ಡಂಗರಿ ಮೂರನ್ನೂ ಅವನು ಬಿಟ್ಟಿಲ್ಲ.

ವಿಡಿಯೋ ಗೇಮ್ ಪಾತ್ರಗಳ ಆಕ್ಷನ್ ಫಿಗರ್ ಗೊಂಬೆಗಳನ್ನು ಕೂಡಿಡುವವರನ್ನು ಕಂಡು ‘ಇವರಿಗೆ ಯಾವಾಗ ವಯಸ್ಸಾಗುತ್ತದೆ’ ಎಂದು ನಗುವವರಿದ್ದಾರೆ. ನಾಣ್ಯ, ಅಂಚೆಚೀಟಿ ಕೂಡಿಡುವ ಹಿರಿಯರನ್ನು ಯಾರೂ ಹಾಗೆ ಕೇಳುವುದಿಲ್ಲ. ನನಗಂತೂ ಈ ಗೊಂಬೆಯವರ ಹಂಬಲವೇ ಹೆಚ್ಚು ಕುತೂಹಲದ್ದು. ನಾಣ್ಯದ ಹಿಂದೆ ಟಂಕಸಾಲೆಯಿದೆ, ಸಿನಿಮಾ ಗೊಂಬೆಯ ಹಿಂದೆ ನಟನೊಬ್ಬನ ಮುಖವಿದೆ. ಗೇಮ್ ಪಾತ್ರಕ್ಕೆ ಮೈ ಎಂಬುದೇ ಇರಲಿಲ್ಲ. 1986ರ ‘ಮೆಟ್ರಾಯ್ಡ್’ ಆಟದ ಸಾಮಸ್ ಆರನ್, ಕವಚ ತೊಟ್ಟ ಒಂದಿಷ್ಟು ಚುಕ್ಕಿ. ಆಕೆ ಹೆಣ್ಣೆಂಬುದು ಆಟವನ್ನು ಬೇಗ ಮುಗಿಸಿದವರಿಗಷ್ಟೇ ಕೊನೆಯಲ್ಲಿ ಕಾಣುತ್ತಿತ್ತು. ಇಂಥವಳಿಗೆ ಮೊಣಕೈ ಎಲ್ಲಿ, ಬೆನ್ನು ಎಷ್ಟು ಬಾಗುತ್ತದೆ, ಕವಚದ ಕೆಂಪು ಎಷ್ಟು ಕೆಂಪು ಎಂದು ಮೊದಲ ಸಲ ಮುಟ್ಟಿ ತಿಳಿಯುವಂತೆ ಮಾಡುವವನು ಶಿಲ್ಪಿ. ಶಿಲ್ಪಿ ಇಲ್ಲಿ ನಕಲು ಮಾಡುತ್ತಿಲ್ಲ, ನಕಲು ಮಾಡಲು ಎದುರಿಗೆ ಯಾರೂ ಇಲ್ಲ.

ಶುರುವಿನಲ್ಲಿ ಈ ಮೈ ಕೊಡುವ ಕೆಲಸ ಸಾಲ ತಂದದ್ದೇ. 1993ರಲ್ಲಿ ಹ್ಯಾಸ್ಬ್ರೋ ಕಂಪನಿ ‘ಸ್ಟ್ರೀಟ್ ಫೈಟರ್ 2’ರ ಹೋರಾಟಗಾರರನ್ನು ತನ್ನ ಜಿ.ಐ. ಜೋ ಸೈನಿಕರ ಸಾಲಿನಲ್ಲೇ ಹೊರತಂದಿತು. ಹಳೆಯ ಸೈನಿಕರ ಕೈಕಾಲುಗಳೇ ಹಲವರಿಗೆ ಅಂಟಿಕೊಂಡವು. ನಾಜೂಕು ಬಂದದ್ದು ಜಪಾನಿನಿಂದ. 2006ರಲ್ಲಿ ದಪ್ಪ ತಲೆಯ ನೆಂಡೊರಾಯ್ಡ್, 2008ರಲ್ಲಿ ಕೀಲುಕೀಲೂ ಮಡಚುವ, ಅಂಗೈಗಳನ್ನೇ ಕಳಚಿ ಬದಲಿಸಬಹುದಾದ ಫಿಗ್ಮಾ ಗೊಂಬೆಗಳು ಬಂದವು.

2014ರ ನವೆಂಬರಿನಲ್ಲಿ ಮಾರಿಯೋನ ಕಂಪನಿ ನಿಂಟೆಂಡೊ ತಂದ ಅಮಿಬೊ ಗೊಂಬೆಗಳ ಕಥೆಯೇ ಬೇರೆ. ಅವು ಕೈಕಾಲು ಆಡಿಸುವುದಿಲ್ಲ. ಪಾದಪೀಠದಲ್ಲಿ ಒಂದು ಚಿಪ್ ಇರುತ್ತದೆ. ಗೊಂಬೆಯನ್ನು ಕಂಟ್ರೋಲರ್‌ಗೆ ತಾಗಿಸಿದರೆ ಪಾತ್ರ ಆಟದೊಳಗೆ ಇಳಿಯುತ್ತದೆ, ಆಡಿ ಕಲಿತದ್ದು ಚಿಪ್‌ನಲ್ಲಿ ಉಳಿಯುತ್ತದೆ. ಮೊದಲ ಕಂತಿನ ಮಾರ್ಥ್, ವಿಲೇಜರ್, ವೀ ಫಿಟ್ ಟ್ರೇನರ್ ಗೊಂಬೆಗಳು ಅಂಗಡಿಗಳಲ್ಲಿ ಖಾಲಿಯಾಗಿ ಕಾಳಸಂತೆಗೆ ಸೇರಿದವು. ಆ ವರ್ಷದ ಕೊನೆಗೆ ನಡೆದದ್ದು ಇನ್ನೂ ಸ್ವಾರಸ್ಯ. ಸಾಮಸ್‌ಳ ಒಂದು ಕೈಯಲ್ಲಿ ಮಾತ್ರ ತೋಪಿರಬೇಕು. ಕಾರ್ಖಾನೆಯ ತಪ್ಪಿನಿಂದ ಎರಡೂ ಕೈಗೆ ತೋಪು ಅಂಟಿಸಿಕೊಂಡು ಬಂದ ಒಂದು ಗೊಂಬೆ ಈಬೇ ಹರಾಜಿನಲ್ಲಿ 2,500 ಡಾಲರಿಗೆ ಹೋಯಿತು. ಅದರ ಅಂಗಡಿ ಬೆಲೆ ಹದಿಮೂರು ಡಾಲರ್. ಯಂತ್ರ ಒಂದೇ ಅಚ್ಚಿನಲ್ಲಿ ಸಾವಿರಾರು ಪ್ರತಿ ತೆಗೆಯತೊಡಗಿದಾಗ ಕಲಾಕೃತಿಯ ಪ್ರಭಾವಳಿ ಮಾಸುತ್ತದೆ ಎಂದು ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲಿ ವಾದಿಸಿದ್ದ. ಅವನೂ ಪುಸ್ತಕ, ಆಟಿಕೆಗಳನ್ನು ಕೂಡಿಟ್ಟವನೇ. ಯಂತ್ರವೇ ಕೈತಪ್ಪಿ ಪ್ರಭಾವಳಿ ಹಚ್ಚಿಬಿಟ್ಟರೆ ಏನು ಮಾಡಬೇಕು ಎಂಬುದು ಅವನ ಕಾಲಕ್ಕೆ ಬಂದ ಪ್ರಶ್ನೆಯಲ್ಲ.

ಅಮಿಬೊ ಚಿಪ್‌ನಲ್ಲಿ ಹಿಡಿಯುವುದು 540 ಬೈಟ್, ಅಂದರೆ ಒಂದು ಸಣ್ಣ ಪತ್ರದಷ್ಟು. ಅದನ್ನು ಅಗ್ಗದ ಸ್ಟಿಕರ್ ಚಿಪ್‌ಗೆ ನಕಲಿಸಿಕೊಂಡು ಆಡುವುದು ಬಲ್ಲವರಿಗೆ ಚಿಟಿಕೆಯ ಕೆಲಸ. ಹಾಗಿದ್ದೂ ಗೊಂಬೆ ಮಾರಾಟವಾಗುತ್ತಲೇ ಇದೆ. ಆಟದೊಳಗಿನ ಲಾಭಕ್ಕಾಗಿಯೇ ಜನ ಇದನ್ನು ಕೊಳ್ಳುತ್ತಾರೆಂದು ನಂಬಿದವರು ಈ ಲೆಕ್ಕ ನೋಡಬೇಕು. ಕಾರಣ ಬೇರೆ ಕಡೆ ಇದೆ. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87ರಷ್ಟು ಈಗ ಹೊಸದಾಗಿ ಕೊಳ್ಳಲು ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತು. ಅದೇ ವರ್ಷದ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ ವೀ ಯು ಮತ್ತು 3ಡಿಎಸ್ ಆಟಯಂತ್ರಗಳ ಆನ್‌ಲೈನ್ ಅಂಗಡಿಗಳಿಗೆ ಬೀಗ ಹಾಕಿತು. ಡಿಸ್ನಿ ‘ಇನ್ಫಿನಿಟಿ’ ಎಂಬ ಗೊಂಬೆ-ಆಟವನ್ನು 2016ರಲ್ಲೇ ನಿಲ್ಲಿಸಿತು. ಅದರ ಗೊಂಬೆಗಳು ಮಾತ್ರ ಜನರ ಮನೆಗಳಲ್ಲಿವೆ. ನೂರಾರು ಗಂಟೆ ಬಾಳಿದ ಲೋಕವೊಂದು ಯಾವುದೋ ಕಂಪನಿಯ ಸರ್ವರ್ ಮೇಲೆ ನಿಂತಿರುವಾಗ, ಅಲ್ಲಿಂದ ಗೇಣುದ್ದದ ಒಬ್ಬನನ್ನಾದರೂ ಕಪಾಟಿಗೆ ಕರೆತಂದಿಟ್ಟುಕೊಳ್ಳುವುದು ನನಗೆ ಹುಡುಗಾಟವಾಗಿ ಕಾಣುವುದಿಲ್ಲ.

ಬೆಂಗಳೂರಿನ ಸಂಗ್ರಾಹಕರಿಗೆ ಈ ಕರೆತರುವಿಕೆ ದುಬಾರಿ. ಆಮದು ಆಟಿಕೆಗಳ ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ದೇಶೀ ಆಟಿಕೆ ಉದ್ಯಮ ಬೆಳೆಯಲಿ ಎಂಬ ಉದ್ದೇಶ ಸರಿಯೇ. ಆದರೆ ಫಿಗ್ಮಾ ಬೇಕೆಂದವನು ಅದು ದುಬಾರಿಯಾಯಿತೆಂದು ಚನ್ನಪಟ್ಟಣದ ಬುಗುರಿ ಕೊಂಡು ಸುಮ್ಮನಾಗುವುದಿಲ್ಲ, ಡೂಪ್ಲಿಕೇಟ್ ಹುಡುಕುತ್ತಾನೆ.

ಇನ್ನು ಸೀಲ್ ಒಡೆಯದೆ ಪೆಟ್ಟಿಗೆಯಲ್ಲೇ ಕಾಪಾಡುವ ಪಂಥದವರು. ಬೆಲೆ ಏರಲಿ ಎಂಬ ಆಸೆ ಅವರದು. ಮಡಚದ ಕೀಲಿಗೆ ಇಷ್ಟು ದುಡ್ಡೇಕೆ ಎಂಬ ತಕರಾರು ನನ್ನದು. ರಸಾಯನಶಾಸ್ತ್ರವೂ ಅವರ ಪರ ಇಲ್ಲ. ಈ ಗೊಂಬೆಗಳಲ್ಲಿ ಬಹುಪಾಲು ಪಿವಿಸಿ. ಅದನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ವರ್ಷಗಳು ಕಳೆದಂತೆ ಮೇಲ್ಮೈಗೆ ಒಸರಿ ಬರುತ್ತದೆ, ಶಾಖದಲ್ಲಿ ಇನ್ನೂ ಬೇಗ. ಮುಚ್ಚಿದ ಪೆಟ್ಟಿಗೆಯಲ್ಲಿ ಅದಕ್ಕೆ ಆರಿಹೋಗಲು ದಾರಿಯಿಲ್ಲ. ಗೊಂಬೆ ಜಿಗುಟಾಗುತ್ತದೆ. ಆದ್ದರಿಂದ ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಪೆಟ್ಟಿಗೆ ಬಿಚ್ಚಿ. ಕೈಗೆ ಅಂಟಿದರೆ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಮೆಲ್ಲಗೆ ತೊಳೆದು ಒರೆಸಿ (ಚಿಪ್ ಇರುವ ಪೀಠವನ್ನು ಮುಳುಗಿಸಬೇಡಿ), ಬಿಸಿಲು ಬೀಳದ, ಗಾಳಿಯಾಡುವ ಕಡೆ ನಿಲ್ಲಿಸಿ.