ಮೌಗ್ಲಿ ಕನ್ನಡ ಕಲಿತಿದ್ದರೆ

ಡಬ್ಬಿಂಗ್ ಬಂದರೆ ಕನ್ನಡ ಕೆಡುತ್ತದೆ ಎಂಬ ವಾದವನ್ನು ನಾನು ಒಪ್ಪುವವನಲ್ಲ. 1993ರಲ್ಲಿ ದೂರದರ್ಶನವು ‘ಜಂಗಲ್ ಬುಕ್’ ಧಾರಾವಾಹಿಯನ್ನು ಬಿತ್ತರಿಸಿದ ದಿನಗಳನ್ನು ನನ್ನ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಭಾನುವಾರ ನೋಡಿ, ಸೋಮವಾರ ತರಗತಿಯಲ್ಲಿ ಅದರ ಹಿಂದಿ ಹಾಡನ್ನೇ ಗುನುಗುತ್ತಿದ್ದಿರಿ. ಅರ್ಥವೇನೆಂದು ಕೇಳಿದರೆ ತಲೆ ತಗ್ಗಿಸುತ್ತಿದ್ದಿರಿ.

ಆ ಕಥೆಯ ಕಾಡು ಮಧ್ಯಪ್ರದೇಶದ ಸಿವನಿಯದು. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ 1894ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. 1989ರಲ್ಲಿ ಜಪಾನೀಯರು ಅದನ್ನು 52 ಕಂತುಗಳ ಚಿತ್ರಮಾಲಿಕೆಯಾಗಿಸಿದರು. ಗುಲ್ಜಾರರ ಹಾಡಿನೊಡನೆ ಅದು ಹಿಂದಿಗೆ ಬಂದಿತು. ಇಷ್ಟು ನುಡಿಗಳನ್ನು ದಾಟಿ ಬಂದ ಮೌಗ್ಲಿ ನಮ್ಮ ಮನೆಗಳೊಳಗೆ ಕನ್ನಡವಿಲ್ಲದೆಯೇ ಕುಳಿತನು.

ರಾಷ್ಟ್ರೀಯ ಪ್ರಸಾರದ ಹಿಂದಿಯನ್ನು ದೂರುವುದು ಸುಲಭ. ಆದರೆ ಡಬ್ಬಿಂಗ್ ಬೇಡವೆಂದು ಬಾಗಿಲು ಕಾದವರು ನಮ್ಮವರೇ ಅಲ್ಲವೆ? ಕಲಾವಿದರ ಅನ್ನದ ಪ್ರಶ್ನೆ ಸಣ್ಣದಲ್ಲ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ಕಾವಲಿನಿಂದ ಹೊರಗುಳಿದದ್ದು ಪರದೇಶದ ಕಥೆಯಲ್ಲ, ಕನ್ನಡ. ಮಗು ಕಥೆಯನ್ನು ಬಿಡದು. ಕಥೆ ಯಾವ ಭಾಷೆಯಲ್ಲಿದೆಯೋ ಆ ಭಾಷೆಯ ಬೆನ್ನು ಹತ್ತುತ್ತದೆ. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನುಗಳು ಕನ್ನಡವಾಡಿದಾಗ ಯಾವ ಆಕಾಶವೂ ಕಳಚಿ ಬೀಳಲಿಲ್ಲ. ಡಬ್ಬಿಂಗಿಗೆ ಅಡ್ಡಿಪಡಿಸುವುದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಹೇಳುವ ಹೊತ್ತಿಗೆ ನಿಮ್ಮ ಬಾಲ್ಯ ಕಳೆದಿತ್ತು.

ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ಬಿ.ಎಂ.ಶ್ರೀ. ಅವರಿಂದ ಕನ್ನಡ ಬೆಳೆಯಿತೇ ಹೊರತು ಸೊರಗಲಿಲ್ಲ. ಆದ್ದರಿಂದ, ನಿಮ್ಮ ಮಕ್ಕಳು ನೋಡುವ ಚಿತ್ರಕ್ಕೆ ಕನ್ನಡದ ಧ್ವನಿಯಿದ್ದರೆ ದಯವಿಟ್ಟು ಅದನ್ನೇ ಆರಿಸಿರಿ. ಇಲ್ಲದಿದ್ದರೆ ಬೇಕೆಂದು ಕೇಳಿರಿ. ಕಾಡಿನ ಕರಡಿಯೂ ಅವರೊಡನೆ ಮನೆಮಾತಿನಲ್ಲಿ ಮಾತನಾಡಲಿ.