ಒದ್ದೆ ನೋಟು

ಹೋದ ಭಾನುವಾರ ದೇವಾಲಯದಿಂದ ಮನೆಗೆ ಬರುವಾಗ ಐದನೇ ಕ್ಲಾಸಿನ ಮೊಮ್ಮಗಳು ದಾರಿಯುದ್ದಕ್ಕೂ ಬಾಯಿಪಾಠ ಒಪ್ಪಿಸಿದಳು. ಭಾನುವಾರ ಶಾಲೆಯಲ್ಲಿ ಕಲಿಸಿದ್ದು; ಯೇಸುಸ್ವಾಮಿ ಬೆಟ್ಟದ ಮೇಲೆ ಕುಳಿತು ಉಪದೇಶ ಮಾಡುತ್ತಾ ಶಿಷ್ಯರನ್ನು ಲೋಕಕ್ಕೆ ಬೆಳಕು ಎಂದು ಕರೆದ ಭಾಗ. ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿದೆ. ದೀಪ ಹಚ್ಚಿ ಅದರ ಮೇಲೆ ಯಾರೂ ಕೊಳಗ ಕವುಚಿ ಹಾಕುವುದಿಲ್ಲ ಎಂಬ ಮಾತೂ ಅಲ್ಲೇ ಬರುತ್ತದೆ.

“ಕೊಳಗ ಅಂದ್ರೆ ಎಂತ ಅಜ್ಜ?”

“ಅಕ್ಕಿ, ಭತ್ತ ಅಳೆಯುವ ಪಾತ್ರೆ. ಈಗ ಎಲ್ಲಿಯೂ ಕಾಣುವುದಿಲ್ಲ.”

ನಾಲ್ಕು ಹೆಜ್ಜೆ ಸುಮ್ಮನೆ ನಡೆದಳು. ಆಮೇಲೆ, “ಬ್ಯಾಂಕಲ್ಲಿದ್ದಾಗ ನೀವು ಬೆಳಕಾಗಿದ್ರಾ?” ಅಂದಳು.

ಬಿಸಿಲು ಜೋರಿದೆ, ಬೇಗ ನಡಿ ಅಂದೆ. ದೊಡ್ಡವರು ಉತ್ತರ ಇಲ್ಲದಾಗ ಹೇಳುವ ಮಾತು ಅದು. ಮಕ್ಕಳೇ, ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ.

ಉತ್ತರ ಇರಲಿಲ್ಲವೆಂದಲ್ಲ, ಹೇಳಲು ನಾಚಿಕೆಯಾಯಿತು. ಇಲ್ಲಿ ಬರೆಯುತ್ತೇನೆ, ಹೇಗೂ ವಾರದ ಕೊನೆಗೆ ಅವಳೇ ಓದುತ್ತಾಳೆ.

1980ರ ಆಸುಪಾಸು. ಕರಾವಳಿಯ ಒಂದು ಶಾಖೆಯಲ್ಲಿ ನಾನು ಗುಮಾಸ್ತ. ಆಗ ಬ್ಯಾಂಕಿನ ವ್ಯವಹಾರ ಹತ್ತರಿಂದ ಎರಡು ಗಂಟೆಯವರೆಗೆ. ಎರಡಾದ ಮೇಲೆ ನಗದು ಎಣಿಸಿ, ಲೆಜರು ಕೂಡಿಸಿ, ಪೈಸೆಗೆ ಪೈಸೆ ತಾಳೆಯಾದರೆ ಮಾತ್ರ ಮನೆಗೆ. ಎರಡಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಮೀನು ಮಾರುವ ಹೆಂಗಸೊಬ್ಬರು ಕೌಂಟರಿಗೆ ಬಂದರು. ಖಾಲಿ ಬುಟ್ಟಿ ಹೊರಗೆ ಮೆಟ್ಟಿಲ ಬದಿಯಲ್ಲಿಟ್ಟಿದ್ದರು. ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ನನ್ನ ಮುಂದಿಟ್ಟು, ತನಗೂ ಒಂದು ಖಾತೆ ಬೇಕು ಎಂದು ತುಳುವಿನಲ್ಲಿ ಹೇಳಿದರು.

ನೋಟುಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು, ಮೀನಿನ ನೀರು ಇಳಿಯುತ್ತಿತ್ತು. ನಾನು ಅವನ್ನು ಪೆನ್ನಿನ ತುದಿಯಿಂದ ಹಿಂದಕ್ಕೆ ತಳ್ಳಿದೆ. ಕೈಯಿಂದ ಕೂಡ ಅಲ್ಲ, ಪೆನ್ನಿನಿಂದ. “ಒಣಗಿಸಿಕೊಂಡು ಬನ್ನಿ. ಪರಿಚಯದವರ ಸಹಿಯೂ ಬೇಕು. ಈಗ ಸಮಯ ಆಯಿತು.” ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಖಾತೆ ತೆರೆಯಲು ಪರಿಚಯದ ಸಹಿ ಬೇಕೇ ಬೇಕಿತ್ತು. ಆಕೆ ನೋಟುಗಳನ್ನು ಮತ್ತೆ ಗಂಟು ಕಟ್ಟಿಕೊಂಡು ಹೋದರು.

ನಮ್ಮ ಅಟೆಂಡರ್ ಲೆಜರು ಎತ್ತಿಡುತ್ತಿದ್ದ. ನನಗಿಂತ ಚಿಕ್ಕವನು, ದೇವಾಲಯಕ್ಕೆ ಬರುವವನಲ್ಲ, ಓದಿದ್ದು ಮಾತ್ರ ಮಿಷನ್ ಶಾಲೆಯಲ್ಲಿ. ಹತ್ತಿರ ಬಂದು ಮೆಲ್ಲಗೆ ಕೇಳಿದ: “ಸಾರ್, ನಿಮ್ಮ ಯೇಸುಸ್ವಾಮಿ ಮೊದಲು ಕರೆದದ್ದು ಮೀನಿನವರನ್ನೇ ಅಲ್ವಾ? ಶಾಲೆಯಲ್ಲಿ ಕಥೆ ಹೇಳಿದ್ದು ನೆನಪು.”

ಹಂಗಿಸಲು ಕೇಳಿದ್ದಲ್ಲ. ನಿಜವಾಗಿ ಸಂಶಯ ಬಂದು ಕೇಳಿದ್ದು. ಹೌದು ಅಂದೆ. ಪೇತ್ರ, ಅಂದ್ರೆಯ, ಯಾಕೋಬ, ಯೋಹಾನ, ನಾಲ್ವರೂ ಗಲಿಲಾಯ ಸಮುದ್ರದಲ್ಲಿ ಬಲೆ ಬೀಸುತ್ತಿದ್ದವರು. ಅವರು ನನ್ನ ಕೌಂಟರಿಗೆ ಬಂದಿದ್ದರೆ ಅವರ ನೋಟೂ ಒದ್ದೆಯಾಗಿಯೇ ಇರುತ್ತಿತ್ತು. ಆ ದಿನ ಲೆಕ್ಕ ಕೂಡಿ ಬರಲು ಸಂಜೆ ಆರಾಯಿತು.

ಮರುದಿನ ಒಂದು ಹಳೆಯ ಪೇಪರನ್ನು ಮಡಚಿ ಡ್ರಾಯರಿನಲ್ಲಿಟ್ಟುಕೊಂಡೆ. ಆಕೆ ಬಂದರೆ ನೋಟುಗಳನ್ನು ಅದರ ನಡುವೆ ಒತ್ತಿ ಒಣಗಿಸುವುದು, ಪರಿಚಯದ ಸಹಿ ನಾನೇ ಹಾಕುವುದು ಎಂದು ಲೆಕ್ಕ ಹಾಕಿದ್ದೆ. ಆಕೆ ಬರಲಿಲ್ಲ. ಆ ವಾರವೂ ಇಲ್ಲ, ಆ ತಿಂಗಳೂ ಇಲ್ಲ.

ಮಳೆಗಾಲ ಬಂತು. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ, ಮೀನಿನವರಿಗೆ ಆಟಿ ತಿಂಗಳು ದಾಟಿಸುವುದೇ ಕಷ್ಟ. ಅದಕ್ಕೆಂದೇ ಅವರು ಬೇಸಗೆಯಲ್ಲಿ ನಾಲ್ಕು ಕಾಸು ಕಟ್ಟಿಡುವುದು. ಆಕೆ ತನ್ನ ಹಣವನ್ನು ಚೀಟಿ ನಡೆಸುವವನೊಬ್ಬನಿಗೆ ಕೊಟ್ಟಿದ್ದರಂತೆ, ಮಳೆ ಹಿಡಿಯುವ ಹೊತ್ತಿಗೆ ಅವನು ಊರು ಬಿಟ್ಟನಂತೆ. ಇದನ್ನು ಹೇಳಿದವನೂ ಅಟೆಂಡರನೇ. ಎಷ್ಟು ಹೋಯಿತು ಎಂದು ನಾನು ಕೇಳಲಿಲ್ಲ. ಹಣ ಎಣಿಸುವುದೇ ಕೆಲಸವಾಗಿದ್ದವನಿಗೆ ಆ ಒಂದು ಮೊತ್ತ ಕೇಳುವ ಧೈರ್ಯ ಬರಲಿಲ್ಲ.

ನಾನು ಆಗ ಪ್ರತಿ ಭಾನುವಾರ ಗಾಯನ ಮಂಡಳಿಯಲ್ಲಿ ಹಾಡುತ್ತಿದ್ದವನು. ಬೆಳಕಿನ ಬಗ್ಗೆಯೂ ಹಾಡಿದ್ದೆ.

ಮೊಮ್ಮಗಳ ವಿಜ್ಞಾನ ಪಾಠದಲ್ಲಿ ಚಂದ್ರನಿಗೆ ಸ್ವಂತ ಬೆಳಕಿಲ್ಲ ಎಂದಿದೆ. ಅದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿಲ್ಲದ್ದು, ಚಂದ್ರನ ನೆಲ ಹಳೆಯ ಡಾಮರು ರಸ್ತೆಯಷ್ಟು ಕಪ್ಪು ಎಂಬುದು. ಸೂರ್ಯನಿಂದ ನೂರು ಪಾಲು ಬೆಳಕು ಬಿದ್ದರೆ ಸುಮಾರು ಹನ್ನೆರಡು ಪಾಲು ಮಾತ್ರ ಹೊರಗೆ ಕೊಡುತ್ತದೆ. ನೂರು ಜಮಾ, ಹನ್ನೆರಡು ಪಾವತಿ, ಉಳಿದದ್ದು ತನಗೇ. ಆದರೂ ಹುಣ್ಣಿಮೆಯಲ್ಲಿ ದಾರಿ ಕಾಣುತ್ತದಲ್ಲ! ಮೋಶೆ ಸೀನಾಯಿ ಬೆಟ್ಟ ಇಳಿದು ಬಂದಾಗ ಅವನ ಮುಖ ಹೊಳೆಯುತ್ತಿತ್ತು, ಆದರೆ ಅದು ಅವನಿಗೇ ಗೊತ್ತಿರಲಿಲ್ಲ ಎಂದು ವಿಮೋಚನಕಾಂಡದಲ್ಲಿದೆ. ಅದನ್ನು ಓದುವಾಗಲೆಲ್ಲ ನನಗೆ ಲೆಜರು ಎತ್ತಿಡುತ್ತಿದ್ದ ಆ ಹುಡುಗನ ಮುಖವೇ ಕಾಣುವುದು. ಇದನ್ನು ನಮ್ಮ ಸಭಾಪಾಲಕರು ಒಪ್ಪುತ್ತಾರೋ ಇಲ್ಲವೋ, ಕೇಳಲು ಹೋಗಿಲ್ಲ.

ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಒಂದು ಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ ಹೋದೆ. ಆಕೆಗೆ ನನ್ನ ಗುರುತೇ ಸಿಗಲಿಲ್ಲ. ಬಂಗುಡೆ ಎಷ್ಟು ಬೇಕು ಎಂದು ಕೇಳಿದರು. ನಾನು ಬ್ಯಾಂಕಿನವನು, ಅವತ್ತು ನಿಮ್ಮನ್ನು ಹಾಗೆ ಕಳಿಸಿದ್ದು ತಪ್ಪಾಯಿತು ಅಂದೆ. ಆಕೆ ಒಂದು ಕ್ಷಣ ನೋಡಿ, “ಓ, ಪೆನ್ನಿನವರು!” ಅಂದರು. ಪಕ್ಕದವರೆಲ್ಲ ನಕ್ಕರು. ಆಕೆ ನಗಲಿಲ್ಲ. ಹೋದ ಹಣದ ಮಾತನ್ನೂ ಎತ್ತಲಿಲ್ಲ. ಮೀನಿಗೆ ಒಂದು ಪೈಸೆ ಕಡಿಮೆ ಮಾಡಲಿಲ್ಲ, ಅದು ನ್ಯಾಯವೇ.

ಎರಡು ವಾರ ಕಳೆದು ಶಾಖೆಗೆ ಬಂದರು. ಅರ್ಜಿ ನಾನೇ ತುಂಬಿಸಿದೆ. ಆಕೆ ಹೆಬ್ಬೆಟ್ಟು ಒತ್ತಿದರು, ಪರಿಚಯದ ಸಹಿ ನಾನು ಹಾಕಿದೆ. ಪೇಪರು ತೆಗೆಯಲು ಡ್ರಾಯರು ಎಳೆದೆ. ಅಷ್ಟರಲ್ಲಿ ಆಕೆ ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಕೌಂಟರಿನ ಮೇಲಿಟ್ಟರು. ಒಂದೂ ಒದ್ದೆಯಿರಲಿಲ್ಲ. ಎಲ್ಲವನ್ನೂ ಬಿಸಿಲಿಗೆ ಹರವಿ, ಒಣಗಿಸಿಕೊಂಡೇ ಬಂದಿದ್ದರು.